ಕೊಟ್ಟಿಗೆಯ ಹಳೇ ಸಿಮೆಂಟ್ ಶೀಟು ತೆಗೆಸಬೇಕು, ಸುತ್ತಿಗೆಯಲ್ಲಿ ಒಡೆಸಬಹುದಾ?

ತಿಪಟೂರಿನವಳು:
ಅಪ್ಪ 1984ರಲ್ಲಿ ಕಟ್ಟಿಸಿದ ಕೊಟ್ಟಿಗೆ. ಮೇಲೆ 18 ಬೂದು ಬಣ್ಣದ ಅಲೆ ಶೀಟುಗಳಿವೆ. ಪಾಚಿ ಕಟ್ಟಿವೆ, ಎರಡು ಬಿರುಕು ಬಿಟ್ಟಿವೆ. ಮೇಸ್ತ್ರಿ "ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿದ್ರೆ ಮುಗೀತು, ಚೂರನ್ನ ಪಾಯಕ್ಕೇ ತುಂಬೋಣ" ಅನ್ನುತ್ತಿದ್ದಾರೆ. ಇದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಶೀಟಾ? ಗೊತ್ತು ಮಾಡಿಕೊಳ್ಳುವುದು ಹೇಗೆ? ಮನೆಯಲ್ಲಿ ಐದು ವರ್ಷದ ಮಗು ಇದೆ. ಸೋಮವಾರ ಕೆಲಸ ಶುರು.

ಹಳೇ ಫಿಟ್ಟರ್:
ದಯವಿಟ್ಟು ಸೋಮವಾರದ ಕೆಲಸ ನಿಲ್ಲಿಸಿ ತಾಯಿ. ನಾನು 22 ವರ್ಷ ಇದೇ ಶೀಟು ಹೊದಿಸಿದವನು. ನಾವು ಎಸಿ ಶೀಟು ಅನ್ನುತ್ತಿದ್ದೆವಲ್ಲ, ಆ 'ಎ' ಆಸ್ಬೆಸ್ಟಾಸಿನದೇ. ಶೀಟಿನ ಮೇಲೆ ಅಚ್ಚು ಉಳಿದಿದೆಯಾ ನೋಡಿ. ಐಎಸ್ 459 ಅಂತಿದ್ದರೆ ಕಲ್ನಾರು, ಅನುಮಾನವಿಲ್ಲ, ಅದು ಕಲ್ನಾರು ಸಿಮೆಂಟ್ ಶೀಟಿನ ಭಾರತೀಯ ಮಾನಕದ ಸಂಖ್ಯೆ. ಅಚ್ಚು ಅಳಿಸಿಹೋಗಿದ್ದರೂ ಆ ಕಾಲದ ಶೀಟು ಕಲ್ನಾರು ಅಂತಲೇ ಇಟ್ಟುಕೊಳ್ಳಿ. ಖಚಿತವಾಗಬೇಕಾದರೆ ಲ್ಯಾಬೇ ಹೇಳಬೇಕು. ಎದೆಗೆ ಇಳಿಯುವ ನಾರು ಕಣ್ಣಿಗೆ ಕಾಣುವುದಿಲ್ಲ.

ಸುಮ್ನೆ ಇದ್ದ ಶೀಟಿನಿಂದ ಅಪಾಯ ಕಡಿಮೆ. ಒಡೆದರೆ, ಕೊಯ್ದರೆ, ಪಾಚಿಯನ್ನು ಒಣಗಿದಂತೆಯೇ ಉಜ್ಜಿದರೆ ನಾರು ಗಾಳಿಗೆ ಬರುತ್ತದೆ. ನಾವು ಬರೀ ಟವೆಲ್ ಸುತ್ತಿಕೊಂಡು ಗರಗಸದಲ್ಲಿ ಕೊಯ್ಯುತ್ತಿದ್ದೆವು. ಸಂಜೆ ಹುಬ್ಬೆಲ್ಲ ಬೆಳ್ಳಗೆ. ಆ ಬಟ್ಟೆ ಒಗೆದವಳು ನನ್ನ ಹೆಂಡತಿ. ಈ ನಾರಿನಿಂದ ಬರುವ ಕ್ಯಾನ್ಸರ್ 20, 40 ವರ್ಷದ ಮೇಲೂ ಕಾಣಿಸಿಕೊಳ್ಳಬಹುದು ಅಂತ ಡಾಕ್ಟರ್ ಹೇಳಿದ ದಿನ ನನಗೆ ಅವಳದೇ ಚಿಂತೆ ಹತ್ತಿತು.

ಹಾಗಾಗಿ ಇಡೀ ಶೀಟನ್ನೇ ಇಳಿಸಬೇಕು. ಮೊದಲು ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿ ನೆನೆಸಿ. ಜೋರು ಪೈಪು ಬೇಡ, ಸಿಂಪಡಿಸಿದರೆ ಸಾಕು. ಶೀಟನ್ನು ಹಿಡಿದಿಡುವ ಕೊಕ್ಕೆಯಾಕಾರದ ಜೆ ಬೋಲ್ಟ್ ತುಕ್ಕು ಹಿಡಿದಿದ್ದರೆ ಬೋಲ್ಟನ್ನೇ ಬೋಲ್ಟ್ ಕಟರಿನಲ್ಲಿ ಕತ್ತರಿಸಿ, ಶೀಟಿಗೆ ಗ್ರೈಂಡರ್ ತಾಗಿಸಬೇಡಿ. ಹಳೇ ಶೀಟಿನ ಮೇಲೆ ಯಾರೂ ಕಾಲಿಡಬಾರದು, ನನ್ನ ಕಣ್ಣೆದುರೇ ಒಬ್ಬ ಹುಡುಗ ಕುಸಿದು ಬಿದ್ದಿದ್ದ. ಬಟ್ಟೆ ಮಾಸ್ಕ್ ಸಾಲದು, ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮಾಸ್ಕ್ ಬೇಕು. ಕೆಳಗೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಗುವನ್ನು ಎರಡು ದಿನ ಅಜ್ಜಿ ಮನೆಗೆ ಕಳಿಸಿ.

ಮೆಲ್ಬರ್ನ್ ಕನ್ನಡಿಗ:
ಇಲ್ಲಿ 2003ರ ಕೊನೆಗೆ ಕಲ್ನಾರನ್ನು ಪೂರ್ತಿ ನಿಷೇಧಿಸಿದರು. ಆದರೂ 1990ಕ್ಕಿಂತ ಹಳೇ ಮನೆ ಅಂದರೆ ಗೋಡೆಗೆ ಡ್ರಿಲ್ ಹಾಕುವ ಮೊದಲೇ ಪರೀಕ್ಷೆ ಮಾಡಿಸುತ್ತೇವೆ. ಹತ್ತು ಚದರ ಮೀಟರಿಗಿಂತ ಜಾಸ್ತಿ ತೆಗೆಯಬೇಕಾದರೆ ಲೈಸೆನ್ಸ್ ಇದ್ದವರೇ ಬರಬೇಕು.

ತಿಪಟೂರಿನವಳು:
ಮೇಸ್ತ್ರಿಗೆ ಓದಿ ಹೇಳಿದೆ, ಒಪ್ಪಿದ್ದಾರೆ. ಪಾಯಕ್ಕೆ ಬೇಡ ಅಂದರೆ ಶೀಟನ್ನು ಎಲ್ಲಿ ಹಾಕುವುದು? ಇನ್ನೊಂದು, ಬಚ್ಚಲಿನ ಹಂಡೆ ಒಲೆಗೆ ಒಂದು ತುಂಡನ್ನು ಮರೆ ಇಟ್ಟಿದ್ದೇವೆ.

ಹಳೇ ಫಿಟ್ಟರ್:
ಆ ತುಂಡನ್ನು ಇವತ್ತೇ ತೆಗೆಸಿ. ಆದರೆ ಒಲೆ ಪೂರ್ತಿ ಆರಿದ ಮೇಲೆ, ಒದ್ದೆ ಮಾಡಿ. ಚಿಕ್ಕವರಿದ್ದಾಗ ಶೀಟಿನ ಚೂರನ್ನು ಬೆಂಕಿಗೆ ಹಾಕಿ ಪಟಾಕಿ ಥರ ಸಿಡಿಯುವುದನ್ನು ನೋಡುತ್ತಿದ್ದೆವು ಅಲ್ವಾ, ಅದೇ ಶೀಟು ಇದು. ಶೀಟು, ಚೂರು ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ 'ಕಲ್ನಾರು' ಅಂತ ಬರೆಯಿರಿ. ಗುಜರಿಯವರಿಗೆ ಕೊಡಬೇಡಿ, ಅವರು ಒಡೆಯುತ್ತಾರೆ. ದಾಬಸ್‌ಪೇಟೆಯಲ್ಲಿ ಅಪಾಯಕಾರಿ ಕಸ ಹೂಳುವ ಜಾಗವಿದೆ. ಅಲ್ಲಿಗೆ ಕಳಿಸುವ ದಾರಿಯನ್ನು ತುಮಕೂರಿನ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಯಲ್ಲಿ ಕೇಳಿ. ಅವರು ಹೇಳುವವರೆಗೆ ಹಿತ್ತಲ ಮೂಲೆಯಲ್ಲಿ, ಮಗುವಿನ ಕೈಗೆ ಸಿಗದ ಹಾಗೆ ಇರಲಿ.