ಮಗನ ದುಡ್ಡು 18ನೇ ತಾರೀಕಿಗೇ ಖಾಲಿ, ಖರ್ಚು ಮಾತ್ರ ಅವನದಲ್ಲ

ಡೊಂಬಿವಲಿ ಅಮ್ಮ
ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಕರ್ವೆನಗರದಲ್ಲಿ ಮೂವರು ಸೇರಿ ರೂಮು. ಬಾಡಿಗೆ ನಾವೇ ಕಟ್ಟುತ್ತೇವೆ. ಊಟ, ಓಡಾಟಕ್ಕೆ ಒಂದನೇ ತಾರೀಕು 8,000 ಹಾಕುತ್ತೇವೆ. 18 ಆಯಿತೋ, ಫೋನು: "ಅಮ್ಮಾ, ಒಂದು ಸಾವಿರ ಹಾಕ್ತೀಯಾ? ಪಪ್ಪಂಗೆ ಹೇಳ್ಬೇಡ."

ದೀಪಾವಳಿಗೆ ಬಂದಾಗ ಮೊಬೈಲ್ ತೆಗೆಸಿ ಲೆಕ್ಕ ನೋಡಿದೆ. ಸಿಗರೇಟೋ ಬಿಯರೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಇದ್ದದ್ದು ಬೇರೆ. ರೂಮಿನ ಲಾತೂರ್ ಹುಡುಗನ ಮೆಸ್ಸಿಗೆ 2,600, ಇನ್ನೊಬ್ಬನ ಪರೀಕ್ಷೆ ಫೀಗೆ 900, ಯಾರದೋ ಹುಟ್ಟುಹಬ್ಬದ ಕೇಕಿಗೆ 450. ಒಂದೂ ವಾಪಸ್ ಬಂದಿಲ್ಲ. ಇವರು "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಬೈದರು. ನನಗೆ ಬೈಯಲೂ ಬಾಯಿ ಬರಲಿಲ್ಲ, ಹೊಗಳಲೂ ಇಲ್ಲ. ಕೊಡಬೇಡ ಅಂತ ಯಾವ ಬಾಯಲ್ಲಿ ಹೇಳಲಿ?

ಸದಾಶಿವ ಪೇಠ್ ಹುಡುಗ
ಆಂಟಿ, ದುಡ್ಡು ಬಂದ ದಿನವೇ ಮೆಸ್ ಕಾಕಾನಿಗೆ ಇಡೀ ತಿಂಗಳದ್ದು ಕೊಟ್ಟುಬಿಡಲಿ. ಊರಿಗೆ ಹೋಗುವ ಮುಂಚೆ ಹೇಳಿದರೆ ಖಾಡಾ, ಅಂದರೆ ಉಣ್ಣದ ದಿನಗಳ ಲೆಕ್ಕ, ಹಿಡಿದು ಮುಂದಿನ ತಿಂಗಳ ದುಡ್ಡಿನಲ್ಲಿ ಕಳೆಯುತ್ತಾರೆ. ನಾನು ಹೇಳದೇ ಹೋಗಿ ಒಮ್ಮೆ ಒಂಬತ್ತು ದಿನದ ಊಟ ಕಳೆದುಕೊಂಡೆ. ಪುಸ್ತಕ ಅಪ್ಪಾ ಬಳವಂತ ಚೌಕದಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಅಂಗಡೀಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡೋಕೆ ನಂದು ಬೇರೆ ಖಾತೆ, ಸೋಮವಾರಕ್ಕೆ 500 ಹಾಕ್ತೀನಿ, ಮುಗಿದರೆ ಮುಗೀತು. ಲಾತೂರ್ ಹುಡುಗನ ಕಾಲೇಜು ಪುಣೆ ಯೂನಿವರ್ಸಿಟಿಯದಾದರೆ 'ಕಮವಾ ಆಣಿ ಶಿಕಾ' (ದುಡಿಯುತ್ತಾ ಕಲಿಯಿರಿ) ಯೋಜನೆಗೆ ಅರ್ಜಿ ಹಾಕಲಿ. ಕಾಲೇಜಿನಲ್ಲೇ ಕೆಲಸ, ಗಂಟೆ ಲೆಕ್ಕದಲ್ಲಿ ದುಡ್ಡು.

ಠಾಣೆ ಟೆಕ್ಕಿ
ಯುಪಿಐ ಸರ್ಕಲ್ ಹಾಕಿ ಮೇಡಂ. ನಿಮ್ಮ ಖಾತೆಯಿಂದಲೇ ಅವನು ಖರ್ಚು ಮಾಡ್ತಾನೆ, ತಿಂಗಳಿಗೆ 15,000ದ ಒಳಗೆ ಮಿತಿ ನೀವೇ ಇಡಬಹುದು. ಬೇಕಿದ್ದರೆ ಪ್ರತಿ ಸಲವೂ ನೀವು ಒಪ್ಪಿಗೆ ಕೊಟ್ಟ ಮೇಲೇ ದುಡ್ಡು ಹೋಗೋ ಹಾಗೆ.

ಡೊಂಬಿವಲಿ ಅಮ್ಮ
ಹತ್ತೊಂಬತ್ತು ವರ್ಷದವನ ವಡಾಪಾವಿಗೆಲ್ಲ ನಾನು ಒಪ್ಪಿಗೆ ಒತ್ತುತ್ತಾ ಕೂರಲಾರೆ.

ಫೋರ್ಟಿನ ಹಳೇ ಮಾಣಿ
ತಂಗೀ, ನಾನು 1974ರಲ್ಲಿ ಕುಂದಾಪುರದಿಂದ ಮುಂಬೈಗೆ ಬಂದವ. ಹಗಲು ಫೋರ್ಟಿನ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದೆ. ಊಟ, ವಸತಿ ಬಿಟ್ಟು ಸಂಬಳ 40 ರೂಪಾಯಿ. ಅದರಲ್ಲಿ 25 ಊರಿಗೆ ಮನಿ ಆರ್ಡರ್. ಫಾರ್ಮಿನ ಕೆಳಗಿನ ಚೂರಿನಲ್ಲಿ "ನಾನು ಸೌಖ್ಯ" ಅಂತ ಬರೆಯುತ್ತಿದ್ದೆ. ಓದು ಬಾರದ ಅಮ್ಮ ಆ ಚೂರುಗಳನ್ನೆಲ್ಲ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಳು.

ಉಳಿದ 15ರಲ್ಲಿ 12 ರೂಪಾಯಿ ಜೊತೆಯ ಮಾಣಿಗೆ ಕೈಸಾಲ ಕೊಟ್ಟೆ. ಆಮೇಲೆ ಅವನು ನನ್ನನ್ನು ಕಂಡರೆ ಹಿಂದಿನ ಮೆಟ್ಟಿಲಲ್ಲಿ ಇಳಿದು ಹೋಗತೊಡಗಿದ. ದುಡ್ಡೂ ಹೋಯಿತು, ದೋಸ್ತಿಯೂ ಹೋಯಿತು. ಅಡುಗೆ ಭಟ್ಟರು ಅಂದರು: "ಕೊಡುವುದಾದರೆ ಕೊಟ್ಟೆ ಅನ್ನು, ಸಾಲ ಅನ್ನಬೇಡ. ಎಷ್ಟು ಅಂತ ಮೊದಲೇ ಎಣಿಸಿಡು." ಖಾಲಿ ಕಾಫಿಪುಡಿ ಡಬ್ಬಿಯಲ್ಲಿ ತಿಂಗಳಿಗೆ ಎರಡು ರೂಪಾಯಿ ಬೇರೆ ಇಟ್ಟೆ. ಡಬ್ಬಿ ಖಾಲಿ ಇದ್ದರೆ "ಇಲ್ಲ ಮಾರಾಯ" ಅನ್ನಲು ಸಂಕೋಚವಾಗಲಿಲ್ಲ, ಸುಳ್ಳಲ್ಲವಲ್ಲ.

ಇನ್ನೊಂದು. ಹಿಂದೆ ವಾರಾನ್ನ ಇತ್ತು, ಕೇಳಿರಬಹುದು. ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ಓದುತ್ತಿದ್ದ. ಪುಣೆಯಲ್ಲೂ ಇತ್ತು. ಏಳು ಮನೆಯವರು ಹಂಚಿಕೊಂಡರು, ಅದಕ್ಕೇ ಯಾರಿಗೂ ಭಾರವಾಗಲಿಲ್ಲ. ನಿನ್ನ ಮಗ ಏಳೂ ಮನೆ ಒಬ್ಬನೇ ನಡೆಸುತ್ತಿದ್ದಾನೆ! ಕ್ಲಾಸಿನ ಇನ್ನಾರು ಜನರನ್ನು ಸೇರಿಸಿಕೊಳ್ಳಲಿ. ದುಡ್ಡು ಹುಡುಗನ ಕೈಗೆ ಬೇಡ, ನೇರ ಮೆಸ್ಸಿಗೆ ಹೋಗಲಿ. ಕೇಕಿನದು ಉಪಕಾರದ ಲೆಕ್ಕಕ್ಕೆ ಬರುವುದಿಲ್ಲ, ಬರೀ ದಾಕ್ಷಿಣ್ಯ ಅದು.

ಮತ್ತೆ ನೀನು ಆ "ಪಪ್ಪಂಗೆ ಹೇಳ್ಬೇಡ" ಸಾವಿರ ನಿಲ್ಲಿಸು. ಇಲ್ಲಿವರೆಗೆ ಅವನು ಕೊಟ್ಟದ್ದು ಅವನ ದುಡ್ಡಲ್ಲ, ನಿನ್ನದು.

ಡೊಂಬಿವಲಿ ಅಮ್ಮ
ಅಣ್ಣಾ, ಕೊನೇ ಮಾತು ನಾಟಿತು. ಮಗನಿಗೆ ಓದಿ ಹೇಳಿದೆ. ನಾಲ್ಕು ಜನ ಒಪ್ಪಿದ್ದಾರಂತೆ, ಇವನೂ ಸೇರಿ ಐವರು, ತಲೆಗೆ 520. ಲಾತೂರಿನವನು ಎರಡು ದಿನ ಮಾತಾಡಲಿಲ್ಲವಂತೆ. ಆಮೇಲೆ ಇವರೆಲ್ಲರ ಪ್ರಾಕ್ಟಿಕಲ್ ಜರ್ನಲ್ಲಿನ ಡಯಾಗ್ರಾಂ ತಾನೇ ಹಾಕಿಕೊಡ್ತೀನಿ ಅಂದನಂತೆ. ಅದು ಸರಿಯೋ ತಪ್ಪೋ, ನಾನು ತಲೆ ಹಾಕಲಿಲ್ಲ. ಇವತ್ತು 22. ಇನ್ನೂ ಫೋನ್ ಬಂದಿಲ್ಲ. ಸರಿಯಾಗಿ ಉಣ್ತಿದ್ದಾನೋ ಇಲ್ಲವೋ ಅಂತ ಈಗ ಅದೊಂದು ಚಿಂತೆ.