ಟೈಮ್ ಟ್ರಾವೆಲರ್ ತನ್ನನ್ನೇ ಭೇಟಿ ಆಗೋ ಆಡಿಯೋ ಡ್ರಾಮಾ: ಎರಡು ಧ್ವನೀನೂ ಒಬ್ಬನದ್ದೇ ಆದ್ರೆ ಕೇಳೋರಿಗೆ ಹೇಗೆ ಗೊತ್ತಾಗ್ಬೇಕು?

ಅರ್ಧರಾತ್ರಿ_ಸ್ಕ್ರಿಪ್ಟು

ಎಲ್ರಿಗೂ ನಮಸ್ಕಾರ. ಅರ್ಧ ಗಂಟೆಯ ಒಂದು ಸೈಫೈ ಆಡಿಯೋ ಡ್ರಾಮಾ ಬರೀತಿದೀನಿ, ಅರ್ಧ ರೆಕಾರ್ಡಿಂಗೂ ಆಗಿದೆ, ಈಗ ಸಿಕ್ಕಾಕೊಂಡಿದೀನಿ. ಕಥೆ ಇಷ್ಟೇ: 32 ವರ್ಷದ ಒಬ್ಬ ಇಂಜಿನಿಯರ್ ತನ್ನ ಟೈಮ್ ಮಷಿನ್ನನ್ನ ಮೊದಲ ಸಲ ಆನ್ ಮಾಡೋ ರಾತ್ರಿ, ಲ್ಯಾಬ್ ಒಳಗೆ ಒಬ್ಬ ಮುದುಕ ಬರ್ತಾನೆ, ಬಂದು ಆನ್ ಮಾಡ್ಬೇಡ ಅಂತಾನೆ. ಆ ಮುದುಕ ಇವನೇ, 40 ವರ್ಷ ಆದ್ಮೇಲೆ.

ಎರಡೂ ಪಾತ್ರ ಒಬ್ಬನೇ ಆಕ್ಟರ್ ಮಾಡ್ಬೇಕು ಅನ್ನೋದು ನನ್ನ ಹಠ. ಕಣ್ಣಿಗೆ ಕಾಣೋ ಕಥೆ ಆಗಿದ್ರೆ ಒಂದು ಬಿಳಿ ಗಡ್ಡ ಅಂಟಿಸಿದ್ರೆ ಕೆಲಸ ಮುಗೀತಿತ್ತು, ಇಲ್ಲಿ ಗಡ್ಡ ಯಾರಿಗ್ ಕಾಣುತ್ತೆ. ಅದಕ್ಕೆ ಮುದುಕನ ಡೈಲಾಗಿಗೆಲ್ಲ ಸಾಫ್ಟ್‌ವೇರಲ್ಲಿ ಪಿಚ್ ಇಳಿಸಿದೆ. ಐದು ಜನಕ್ಕೆ ಕೇಳಿಸಿದೆ. ಒಬ್ಬ "ಆ ರಾಕ್ಷಸ ಯಾರು" ಅಂದ, ಇನ್ನಿಬ್ರು ಯಾರೋ ಒಬ್ಬ ತನ್ನಷ್ಟಕ್ಕೆ ತಾನೇ ಮಾತಾಡ್ತಿದಾನೆ ಅಂದ್ಕೊಂಡ್ರಂತೆ (ಒಂದು ಲೆಕ್ಕದಲ್ಲಿ ಅದೇ ನಿಜ ಬಿಡಿ). ಉಳಿದಿಬ್ರು ಮುದುಕ ಬಾಯಿ ಬಿಟ್ಟ ತಕ್ಷಣ ಟ್ವಿಸ್ಟ್ ಹಿಡಿದ್ಬಿಟ್ರು, ಆಮೇಲೆ ಹತ್ತು ನಿಮಿಷ ಸುಮ್ನೆ ಕಾದ್ರು.

ಅಂದ್ರೆ ಬೇರೆ ಬೇರೆ ಮಾಡಿದ್ರೆ ನಕಲಿ ಅನ್ಸುತ್ತೆ, ಒಂದೇ ಥರ ಬಿಟ್ರೆ ಒಂದೋ ಗೊಂದಲ ಇಲ್ಲಾ ಗುಟ್ಟು ರಟ್ಟು. ಯಾರಾದ್ರೂ ಈ ಥರದ್ದು ಮಾಡಿದೀರಾ?

ಮೈಕ್_ಹಿಂದೆ

ಮೊದ್ಲು ಆ ಪಿಚ್ ಶಿಫ್ಟ್ ತೆಗೀರಿ ಸ್ವಾಮಿ. ಎಲ್ಲರೂ ಮಾಡೋ ತಪ್ಪೇ ಅದು, ವಯಸ್ಸಾದ್ರೆ ಧ್ವನಿ ದಪ್ಪ ಆಗುತ್ತೆ ಅಂತ ನಂಬ್ಕೊಂಡಿರ್ತೀವಿ. ಗಂಡಸರಲ್ಲಿ ಆಗೋದು ಉಲ್ಟಾ. ದೊಡ್ಡೋರಾದ ಗಂಡಸರ ಸ್ವರ ಸಾಮಾನ್ಯವಾಗಿ 100-120 ಹರ್ಟ್ಜ್ ಆಸುಪಾಸು ಇರುತ್ತೆ, ಮುಪ್ಪಲ್ಲಿ ಅದು ತುಸು ಮೇಲಕ್ಕೇ ಹೋಗುತ್ತೆ (ಹೆಂಗಸರದ್ದು ಇಳಿಯುತ್ತೆ). ಧ್ವನಿತಂತುಗಳು ತೆಳ್ಳಗಾಗಿ ಪೂರ್ತಿ ಮುಚ್ಕೊಳಲ್ಲ, ನಡುವೆ ಗಾಳಿ ಸೋರುತ್ತೆ, ಅದಕ್ಕೇ ಆ ಪಿಸುಗಾಳಿ, ನಡುಕ, ವಾಕ್ಯದ ಮಧ್ಯ ಉಸಿರು ತಗೊಳೋದು ಎಲ್ಲ. ನಿಮ್ಮ ಸಾಫ್ಟ್‌ವೇರ್ ಪಿಚ್ ಜೊತೆ ಗಂಟಲಿನ ಅನುರಣನೇನೂ ಕೆಳಗೆ ಎಳೆದಿರುತ್ತೆ, ಕಿವಿಗೆ ಅದು "ಇವನ ಗಂಟಲು ಮನುಷ್ಯನ ಅಳತೆಗಿಂತ ದೊಡ್ಡದು" ಅಂತ ಕೇಳುತ್ತೆ. ನಿಮ್ಮ ಫ್ರೆಂಡು ರಾಕ್ಷಸ ಅಂದಿದ್ದು ಸರಿಯಾಗೇ ಇದೆ.

ಇದನ್ನ ಆಕ್ಟರ್ ಕೈಲೇ ಮಾಡಿಸಿ. ಮುದುಕನ್ನ ಬೇರೆ ದಿನ ರೆಕಾರ್ಡ್ ಮಾಡಿ, ಕೂರಿಸಿ ಮಾಡಿ, ಮೈಕಿಗೆ ಹತ್ರ ಬಿಡ್ಬೇಡಿ, ಹತ್ರ ಬಂದಷ್ಟೂ ಕೆಳಗಿನ ಸ್ವರ ಉಬ್ಬಿ ಮತ್ತೆ ದಪ್ಪ ಆಗುತ್ತೆ. ಎದುರು ಪಾತ್ರದ ಮಾತು ಓದೋಕೆ ಒಬ್ಬರನ್ನ ನಿಲ್ಲಿಸಿ, ಇಲ್ಲಾಂದ್ರೆ ಉತ್ತರ ಕೊಡೋ ಟೈಮಿಂಗ್ ಸತ್ತೋಗುತ್ತೆ.

ಇನ್ನೊಂದು. ಇಬ್ರೂ ಒಟ್ಟಿಗೆ ಒಂದೇ ಮಾತು ಹೇಳೋ ಜಾಗ ಖಂಡಿತ ಇಟ್ಟಿರ್ತೀರಿ, ಎಲ್ರೂ ಇಡ್ತಾರೆ. ಅಲ್ಲಿ ಒಂದೇ ಟೇಕ್ ಕಾಪಿ ಹೊಡೆದು ಮೇಲೆ ಕೂರಿಸ್ಬೇಡಿ. ಸರಿಯಾಗಿ ಕೂತ್ರೆ ಇಬ್ರು ಆಗಲ್ಲ, ಒಬ್ಬನೇ 6 ಡೆಸಿಬೆಲ್ ಜೋರಾಗ್ತಾನೆ. ಕೆಲವು ಮಿಲಿಸೆಕೆಂಡ್ ಸರಿಸಿದ್ರೆ ಕೊಳವೆ ಒಳಗಿಂದ ಮಾತಾಡ್ದಂಗೆ, 50-60 ಸರಿಸಿದ್ರೆ ಎಕೋ. ಎರಡು ಸಲ ಹೇಳಿಸೋದೊಂದೇ ದಾರಿ.

ಸುಮ್ನೆ_ಕೇಳ್ತೀನಿ

ಇಷ್ಟೆಲ್ಲ ಯಾಕೆ, ಇಬ್ರು ಆಕ್ಟರ್ ಹಾಕ್ಕೊಳಿ, ತಲೆನೋವು ಹೋಯ್ತು.

ಹಳೇ_ಕಿವಿ

ಇಬ್ರನ್ನ ಹಾಕಿದ್ರೆ ಅದು ಅಪ್ಪ ಮಗನ ಕಥೆ ಥರ ಕೇಳುತ್ತೆ, ಒಬ್ಬನೇ ಮಾಡ್ಬೇಕು ಅನ್ನೋ ಹಠ ಸರಿಯಾಗಿದೆ.

ಆದ್ರೆ ನಂಗೆ ಅನ್ಸೋದು ನೀವು ಯಾವುದನ್ನ ತೊಂದ್ರೆ ಅಂತಿದೀರೋ ಅದೇ ಈ ಕಥೆಯ ಬಂಡವಾಳ ಅಂತ. ಯೋಚ್ನೆ ಮಾಡಿ, ನಿಮ್ಮದೇ ಧ್ವನಿ ಮೊದಲ ಸಲ ರೆಕಾರ್ಡಲ್ಲಿ ಕೇಳಿದಾಗ ಏನನ್ಸಿತ್ತು? "ಛೀ, ಇದು ನಾನಾ?" ಅಂತ ತಾನೆ. ನಾವು ಮಾತಾಡುವಾಗ ನಮ್ಮ ಧ್ವನಿ ಗಾಳಿಯಲ್ಲಿ ಕಿವಿಗೆ ಬರೋದಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕಾನೂ ಒಳಕಿವಿಗೆ ಹೋಗುತ್ತೆ, ಕೆಳಸ್ವರಗಳು ಆ ದಾರೀಲಿ ಚೆನ್ನಾಗಿ ಹಾಯ್ತವೆ, ಅದಕ್ಕೇ ನಮಗೆ ನಮ್ಮ ಧ್ವನಿ ಒಳ್ಳೆ ತುಂಬಿದ ಧ್ವನಿ ಥರ ಕೇಳೋದು. ಬೇರೆಯೋರಿಗೆ ಆ ಭಾಗ ಸಿಗಲ್ಲ. ಮೊಬೈಲಲ್ಲಿ ಕೇಳಿದಾಗ ನಮಗೂ ಸಿಗಲ್ಲ, ತೆಳ್ಳಗೆ, ಪರಕೀಯವಾಗಿ ಕೇಳುತ್ತೆ.

ಈಗ ನಿಮ್ಮ ಲ್ಯಾಬಿಗೆ ಬನ್ನಿ. ಮುದುಕ ಮಾತಾಡ್ತಾನೆ. ಕೇಳೋರಿಗೆಲ್ಲ ಗೊತ್ತಾಗುತ್ತೆ ಇದು ಅದೇ ಧ್ವನಿ ಅಂತ. ಗೊತ್ತಾಗದೇ ಇರೋನು ಒಬ್ಬನೇ, ಆ ಧ್ವನಿಯ ಯಜಮಾನ! ಅವನ ಜನ್ಮದಲ್ಲಿ ಆ ಧ್ವನಿಯನ್ನ ಹೊರಗಿಂದ ಸರಿಯಾಗಿ ಕೇಳಿಯೇ ಇಲ್ಲ. ನೀವು ಟ್ವಿಸ್ಟನ್ನ ಕೇಳುಗರಿಂದ ಮುಚ್ಚಿಡೋಕೆ ಹೊರಟಿದೀರಿ, ಮುಚ್ಚಿಡೋದು ಅವನೊಬ್ಬನಿಂದ ಸಾಕು. ಆ ಹತ್ತು ನಿಮಿಷ ನಿಮ್ಮ ಫ್ರೆಂಡ್ಸ್ "ಗೊತ್ತಾಯ್ತು ಮುಗ್ಸಪ್ಪ" ಅಂತ ಕಾದ್ರಲ್ಲ, ಈಗ "ಅಯ್ಯೋ ಇವನಿಗೆ ಯಾವಾಗ ಗೊತ್ತಾಗುತ್ತೆ" ಅಂತ ಕಾಯ್ತಾರೆ.

ಅರ್ಧರಾತ್ರಿ_ಸ್ಕ್ರಿಪ್ಟು

ಇದು ನಂಗೆ ಹೊಳೆದೇ ಇರ್ಲಿಲ್ಲ. ಆದ್ರೆ ಒಂದು ತೊಡಕಿದೆ. ನನ್ನ ಹೀರೋ ದಿನಾ ಪ್ರಯೋಗದ ವಿವರ ಟೇಪಲ್ಲಿ ಹೇಳಿ ಇಡ್ತಾನೆ, ಡ್ರಾಮಾ ಶುರು ಆಗೋದೇ ಅದರಿಂದ. ಅಂದ್ರೆ ತನ್ನ ಧ್ವನಿ ಅವನಿಗೆ ಅಭ್ಯಾಸ ಇರಲ್ವಾ?

ಹಳೇ_ಕಿವಿ

ಹೇಳಿ ಇಡ್ತಾನೆ, ಕೇಳ್ತಾನಾ? ಡೈರಿ ಬರೆಯೋರಲ್ಲಿ ಎಷ್ಟು ಜನ ತಿರುಗಿ ಓದ್ತಾರೆ ಹೇಳಿ. ಟೇಪನ್ನ ಕೇಳುಗರಿಗೆ ಮೊದಲೇ ಕೇಳ್ಸಿಬಿಡಿ, ಅವರ ಕಿವಿಗೆ ಧ್ವನಿ ಕೂತಿರುತ್ತೆ. ಇವನು ಮಾತ್ರ ಒಂದು ಸಲಾನೂ ಪ್ಲೇ ಒತ್ತಿರಲ್ಲ. ಕೊನೆಗೆ ಯಾವುದೋ ಒಂದು ರೀಡಿಂಗ್ ನೋಡ್ಕೊಳೋಕೆ ಅಂತ, ಮುದುಕ ಎದುರಿಗೆ ಕೂತಿರುವಾಗಲೇ, ಒತ್ತುತ್ತಾನೆ.

ಸಮಯದ_ಸುರುಳಿ

ಧ್ವನಿ ವಿಷಯ ದೊಡ್ಡೋರು ಹೇಳಿದಾರೆ, ನಾನು ಲಾಜಿಕ್ ಕಡೆ ಬರ್ತೀನಿ. ಮುದುಕ ಬಂದು ತಡೆದ್ರೆ, ಇವನು ಮಷಿನ್ ಆನ್ ಮಾಡಲ್ಲ, ಮಾಡದಿದ್ರೆ ಮುದುಕ ಬರೋಕೆ ಮಷಿನ್ನೇ ಇಲ್ಲ. ಇದಕ್ಕೊಂದು ನಿಯಮ ಬರೆಯೋ ಮೊದ್ಲೇ ತೀರ್ಮಾನ ಮಾಡ್ಕೊಳಿ, ಡ್ರಾಮಾದಲ್ಲಿ ವಿವರಿಸೋದು ಬೇಡ ಆದ್ರೆ ನಿಮಗೆ ಗೊತ್ತಿರ್ಬೇಕು.

ಐನ್‌ಸ್ಟೀನ್ ಸಮೀಕರಣಗಳಲ್ಲಿ ಹಿಂದಿನ ಕಾಲಕ್ಕೆ ಸುತ್ತಿ ಬರೋ ದಾರಿ ಇರೋ ಒಂದು ಉತ್ತರವನ್ನ 1949ರಲ್ಲೇ ಗೋಡೆಲ್ ಅನ್ನೋ ಗಣಿತಜ್ಞ ತೋರಿಸಿದ್ರು. ಪ್ರಕೃತಿ ಇಂಥದ್ದಕ್ಕೆ ಬಿಡಲ್ಲ ಅಂತ ಹಾಕಿಂಗ್ 1992ರಲ್ಲಿ ವಾದಿಸಿದ್ರು, ಆಮೇಲೆ 2009ರಲ್ಲಿ ಟೈಮ್ ಟ್ರಾವೆಲರ್‌ಗಳಿಗೆ ಅಂತ ಪಾರ್ಟಿ ಕೊಟ್ಟು, ಪಾರ್ಟಿ ಮುಗಿದ ಮೇಲೆ ಆಮಂತ್ರಣ ಹೊರಡಿಸಿದ್ರು, ಯಾರೂ ಬರ್ಲಿಲ್ಲ. ಅದಿರ್ಲಿ, ನಿಮಗೆ ಬೇಕಾಗಿರೋದು ಬಿಲಿಯರ್ಡ್ಸ್ ಚೆಂಡಿನ ಲೆಕ್ಕ. ಒಂದು ಚೆಂಡು ವರ್ಮ್‌ಹೋಲ್ (ಜಾಗ-ಕಾಲದ ಎರಡು ಕಡೆಯನ್ನ ಜೋಡಿಸೋ ಸುರಂಗ ಅಂದ್ಕೊಳಿ) ಒಳಗೆ ಹೋಗಿ ಸ್ವಲ್ಪ ಹೊತ್ತು ಮುಂಚೆಗೆ ಹೊರಗೆ ಬಂದು, ಒಳಗೆ ಹೋಗ್ತಿರೋ ತನಗೇ ಗುದ್ದಿ ದಾರಿ ತಪ್ಪಿಸಿದ್ರೆ? ಹೋಗಲೇ ಇಲ್ಲ ಅಂದ್ಮೇಲೆ ಗುದ್ದಿದ್ದು ಯಾರು? ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತೆ ಅವರ ಜೊತೆಯೋರು 1991ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಏನಂದ್ರೆ, ಆ ಗುದ್ದು ನೇರ ಬೀಳದೆ ಬರೀ ಸವರಿಕೊಂಡು ಹೋಗೋ ಥರದ ಉತ್ತರಗಳಿವೆ. ಸವರಿದ್ರಿಂದ ಚೆಂಡು ಚೂರು ಓರೆಯಾಗಿ ವರ್ಮ್‌ಹೋಲಿಗೆ ಹೋಗುತ್ತೆ, ಓರೆಯಾಗಿ ಹೋಗಿದ್ದಕ್ಕೆ ಓರೆಯಾಗಿ ಹೊರಗೆ ಬರುತ್ತೆ, ಓರೆಯಾಗಿ ಬಂದಿದ್ದಕ್ಕೇ ನೇರ ಗುದ್ದೋಕಾಗದೆ ಬರೀ ಸವರುತ್ತೆ. ಸುತ್ತು ಮುಚ್ಕೊಳ್ತು, ವಿರೋಧಾಭಾಸ ಇಲ್ಲ.

ನಿಮ್ಮ ಮುದುಕ ಆ ಚೆಂಡು. ಪೂರ್ತಿ ತಡೆಯೋಕೆ ಅಂತ ಬಂದೋನು, ಬರೀ ಸವರಿ ಹೋಗ್ತಾನೆ. ಉದಾಹರಣೆಗೆ ಇವನು ಹೆದರಿ ಒಂದು ಡಯಲ್ ತಿರುಗಿಸ್ತಾನೆ, ಆ ಡಯಲ್ಲಿನ ಎಡವಟ್ಟಿಂದಲೇ 40 ವರ್ಷ ಹಾಳಾಗುತ್ತೆ, ಅದನ್ನ ಸರಿ ಮಾಡೋಕೇ ಮುದುಕ ವಾಪಸ್ ಬಂದಿದ್ದು. ಹೀಗಾದ್ರೆ ಈ ಸಂಭಾಷಣೆ ಅವನಿಗೆ ಎರಡನೇ ಸಲ. ಮೊದಲ ಸಲ ಅವನು ಆ ಕಡೆ ಕೂತಿದ್ದ. ನೀವು ಸೀನ್ ಒಂದು ಸಲ ಬರೆದು ಎರಡು ಸಲ ಕೇಳಿಸ್ಬಹುದು, ಒಮ್ಮೆ ಹುಡುಗನ ಕಿವಿಯಿಂದ, ಇನ್ನೊಮ್ಮೆ ಮುದುಕನ ಕಿವಿಯಿಂದ. ಮಾತುಗಳು ಅವೇ, ಆದ್ರೆ ಮುದುಕನಿಗೆ ಅವು ನೆನಪಿರೋದು ಬೇರೆ ಥರ, 40 ವರ್ಷ ಆಗಿದೆ ನೋಡಿ. "ನಾನು ಇಷ್ಟು ಒರಟಾಗಿ ಮಾತಾಡಿದ್ನಾ?" ಅಂತ ಅವನಿಗೇ ಅನ್ಸಲಿ.

ಮೈಕ್_ಹಿಂದೆ

ಎರಡು ಕಿವಿಯ ಐಡಿಯಾ ಚೆನ್ನಾಗಿದೆ, ಆದ್ರೆ ಒಬ್ಬನನ್ನ ಪೂರ್ತಿ ಎಡಕ್ಕೆ ಇನ್ನೊಬ್ಬನನ್ನ ಪೂರ್ತಿ ಬಲಕ್ಕೆ ತಳ್ಳೋಕೆ ಹೋಗ್ಬೇಡಿ. ಒಂದೇ ಇಯರ್‌ಫೋನ್ ಹಾಕ್ಕೊಂಡು ಕೇಳೋರಿಗೆ ಅರ್ಧ ಡ್ರಾಮಾನೇ ಮಾಯ. ದೂರ-ಹತ್ತಿರದಲ್ಲಿ ಆಟ ಆಡಿ. ಯಾರ ಕಿವಿಯಿಂದ ಕೇಳ್ತಿದೀವೋ ಅವನ ಉಸಿರು, ಬಟ್ಟೆಯ ಸದ್ದು ಹತ್ರ ಇರ್ಲಿ, ಎದುರಿನೋನ ಮಾತಲ್ಲಿ ಕೋಣೆಯ ಪ್ರತಿಧ್ವನಿ ಜಾಸ್ತಿ ಇರ್ಲಿ.

ವ್ಯಾಕರಣದ_ಹುಳ

ಇದು ಕನ್ನಡದಲ್ಲಿ ಮಾಡ್ತಿರೋದು ಅಂತ ಯಾರೂ ಗಮನಿಸ್ಲಿಲ್ವಲ್ಲ! ಹುಡುಗ ಮುದುಕನಿಗೆ ಏನಂತಾನೆ? ಅಪರಿಚಿತ, ವಯಸ್ಸಾದೋರು, ನೀವು ಅಂತಾನೆ. ಮುದುಕ ಹುಡುಗನಿಗೆ ನೀನು ಅಂತಾನೆ, ವಯಸ್ಸಿಗೆ ಸಹಜ, ಯಾರಿಗೂ ಅನುಮಾನ ಬರಲ್ಲ. ಹುಡುಗನ ಬಾಯಲ್ಲಿ "ನೀವು" ಇದ್ದಿದ್ದು "ನೀನು" ಆದ ಕ್ಷಣವೇ ಅವನಿಗೆ ಗೊತ್ತಾಯ್ತು ಅಂತ. ತನಗೆ ತಾನೇ ಯಾರು ಬಹುವಚನ ಕೊಡ್ತಾರೆ. "ಅಯ್ಯೋ ದೇವ್ರೆ, ನೀವು ನಾನೇ" ಅನ್ನೋ ಡೈಲಾಗ್ ಇದ್ರೆ ದಯವಿಟ್ಟು ಹೊಡೆದು ಹಾಕಿ.

ಇನ್ನೊಂದು ಮಜಾ ನೋಡಿ. ಆಡುಮಾತಲ್ಲಿ ನಾನು ಬಂದೆ, ನೀನು ಬಂದೆ, ಎರಡೂ "ಬಂದೆ". ಹೋದೆ, ಮಾಡಿದೆ, ಬಂದಿದ್ದೆ, ಎಲ್ಲ ಹಾಗೇ. ನಾನು ನೀನು ತೆಗೆದುಬಿಟ್ರೆ ಯಾರ ಬಗ್ಗೆ ಹೇಳ್ತಿದಾನೆ ಅಂತ ಗೊತ್ತೇ ಆಗಲ್ಲ. ಮುಂದಿನದ್ದಕ್ಕೆ ಬಂದ್ರೆ ಮಾತ್ರ ಬರ್ತೀನಿ, ಬರ್ತೀಯ ಅಂತ ಬೇರೆ ಆಗುತ್ತೆ. ಹಾಗಾಗಿ ಮುದುಕನಿಗೆ ಭೂತಕಾಲ ಮಾತ್ರ ಕೊಡಿ, ಸರ್ವನಾಮ ಕೊಡ್ಬೇಡಿ.

ಬಡಗಣ_ಗಾಳಿ

ನಮ್ಮ ಕಡೆ "ನೀ ಯಾಕ ಬಂದಿ" ಅಂತೀವ್ರಿ, ಹಂಗಾಗಿ ನಿಮ್ಮ ಈ ಕಣ್ಣಾಮುಚ್ಚಾಲಿ ನಮ್ಮ ಕಿವ್ಯಾಗ ನಡಿಯಂಗಿಲ್ಲ 😀 ಆದ್ರೂ ಐಡಿಯಾ ಭಾರಿ ಐತಿ.

ಅರ್ಧರಾತ್ರಿ_ಸ್ಕ್ರಿಪ್ಟು

ನಿನ್ನೆ ರಾತ್ರಿ ಕೂತು ಮುದುಕ ಒಳಗೆ ಬರೋ ಜಾಗ ಪೂರ್ತಿ ತಿದ್ದಿ ಬರೆದೆ. ಸ್ವಲ್ಪ ಇಲ್ಲಿ ಹಾಕ್ತೀನಿ, ಬೈಯೋದಿದ್ರೆ ಬೈಯಿರಿ.

ಹುಡುಗ: ಯಾರು ನೀವು? ಈ ಹೊತ್ತಲ್ಲಿ ಒಳಗೆ ಯಾರನ್ನೂ ಬಿಡಲ್ವಲ್ಲ.
ಮುದುಕ: ಬಾಗಿಲಿಗೆ ಚಿಲಕ ಹಾಕಿರ್ಲಿಲ್ಲ. ಮರೆತಿದ್ದೆ.
ಹುಡುಗ: ನಾನಾ? ಇಲ್ಲ, ಹಾಕಿದ್ದೆ.
ಮುದುಕ: ಇವತ್ತು ಇಲ್ಲಿಗೆ ಯಾಕೆ ಬಂದೆ ಅಂತ ದಾರೀಲೆಲ್ಲ ಯೋಚ್ನೆ ಮಾಡ್ತಿದ್ದೆ.
ಹುಡುಗ: ಸರಿ, ಯಾಕೆ ಬಂದ್ರಿ?
ಮುದುಕ: ನನ್ನ ಬಗ್ಗೆ ಅಲ್ಲ ಹೇಳಿದ್ದು.
(ಟೇಪ್ ಒತ್ತೋ ಸದ್ದು. ಹುಡುಗನ ಧ್ವನಿ, ಟೇಪಿನ ಸಣ್ಣ ಸ್ಪೀಕರಿಂದ: "ಹದಿನೇಳನೇ ದಿನ. ಕಾಯಿಲ್ ಬಿಸಿ ಆಗ್ತಿದೆ." ಟೇಪ್ ನಿಲ್ಲೋ ಸದ್ದು.)
ಹುಡುಗ: ಇನ್ನೊಂದು ಸಲ ಮಾತಾಡಿ.
ಮುದುಕ: ಏನು ಮಾತಾಡ್ಲಿ?
ಹುಡುಗ: ಹದಿನೇಳನೇ ದಿನ ಅಂತ ಹೇಳು.

ವ್ಯಾಕರಣದ_ಹುಳ

"ಮಾತಾಡಿ" ಇಂದ "ಹೇಳು"ಗೆ ಇಳಿದ್ರಲ್ಲ, ನೀನು ಅನ್ನೋ ಪದಾನೇ ಇಲ್ದೆ. ಕೈ ಮುಗಿದೆ.

ಮೈಕ್_ಹಿಂದೆ

ಆ "ಹೇಳು" ಆದ್ಮೇಲೆ ಮೂರು ಸೆಕೆಂಡ್ ಯಾರೂ ಮಾತಾಡ್ಬಾರ್ದು, ಮ್ಯೂಸಿಕ್ಕೂ ಬೇಡ. ಆದ್ರೆ ಕೋಣೆಯ ಸಣ್ಣ ಗುಂಯ್ ಅನ್ನೋ ಸದ್ದು ಬಿಟ್ಟಿರಿ, ಪೂರ್ತಿ ಮೌನ ಹಾಕಿದ್ರೆ ಎಲ್ರೂ ಫೋನ್ ಆಫ್ ಆಯ್ತಾ ಅಂತ ಜೇಬಿಂದ ತೆಗೆದು ನೋಡ್ತಾರೆ.