ಅಪ್‌ಡೇಟ್: ಕಡಲೆಕಾಯಿ ಅಲರ್ಜಿ, ಡೋಸ್ ಆದ ಮೇಲಿನ ಹೊಟ್ಟೆನೋವು

ಕಳೆದ ವಾರ ಕೇಳಿದ್ದೆ: ನಾವಿರುವುದು ನ್ಯೂಜೆರ್ಸಿಯಲ್ಲಿ, ಮಗ ಓರಲ್ ಇಮ್ಯುನೋಥೆರಪಿಯಲ್ಲಿದ್ದಾನೆ (ಅಲರ್ಜಿ ತರೋ ಪದಾರ್ಥವನ್ನೇ ಚೂರು ಚೂರು ಹೆಚ್ಚಿಸುತ್ತಾ ತಿನ್ನಿಸಿ ದೇಹಕ್ಕೆ ರೂಢಿ ಮಾಡಿಸೋ ಚಿಕಿತ್ಸೆ). ಕಡಲೆಕಾಯಿ ಪುಡಿಯ ಡೋಸ್ ಕೊಟ್ಟ ಮೇಲೆ ಬಾಯಿ ತುರಿಕೆ, ಹೊಟ್ಟೆನೋವು, ಏನು ಮಾಡೋದು ಅಂತ. ಈಗ ತುಂಬಾ ಕಡಿಮೆಯಾಗಿದೆ.

ಫಲ ಕೊಟ್ಟಿದ್ದು "ಖಾಲಿ ಹೊಟ್ಟೇಲಿ ಕೊಡಬೇಡಿ" ಅನ್ನೋ ಸಲಹೆ. ಡಾಕ್ಟರ್ ಕೂಡ ಒಪ್ಪಿದರು. ಈಗ ಸಂಜೆ ಬೇಗ ಅನ್ನ ಸಾರು ಉಣ್ಣಿಸಿ, ಆಮೇಲೆ ಪುಡಿಯನ್ನು ತಣ್ಣನೆ ಗಟ್ಟಿ ಮೊಸರಲ್ಲಿ ಗಂಟಿಲ್ಲದಂತೆ ಕಲಸಿ ಕೊಡ್ತೀವಿ. ಮುಖ ಹಿಂಡಿದರೂ ಬಟ್ಟಲು ನೆಕ್ಕಿಬಿಡ್ತಾನೆ.

ಪುಡಿಯನ್ನು ಚಾಕೊಲೇಟ್ ಸಾಸಲ್ಲಿ ಕಲಸಿ ಕೊಡೋ ಉಪಾಯ ನಡೀಲಿಲ್ಲ. ವಾಸನೆ ಮುಚ್ಚಲಿಲ್ಲ, ಚಾಕೊಲೇಟ್ ಕಂಡರೇ ಬೇಡ ಅನ್ನೋಕೆ ಶುರು ಮಾಡಿದ. ಮಲಗೋ ಹೊತ್ತಿಗೆ ಕೊಡೋದಂತೂ ಬೇಡವೇ ಬೇಡ ಅಂದರು ಡಾಕ್ಟರ್. ನಿದ್ದೇಲಿ ರಿಯಾಕ್ಷನ್ ಆದರೆ ಗೊತ್ತಾಗಲ್ಲ ಅಲ್ವಾ.

ನನಗೆ ಆಶ್ಚರ್ಯ ಆಗಿದ್ದು ಬೇರೆ. ನಿನ್ನೆ ಸುಮ್ನೆ ಅರಗಿದ ಡೋಸೇ ಇವತ್ತು ಓಡಿ ಆಡಿದರೆ, ಬಿಸಿನೀರಿನ ಸ್ನಾನ ಮಾಡಿದರೆ, ಜ್ವರ ಇದ್ದರೆ ರಿಯಾಕ್ಷನ್ ತರಬಹುದಂತೆ. ಹಾಗಾಗಿ ಫುಟ್‌ಬಾಲ್, ಸ್ನಾನ ಎರಡೂ ಡೋಸ್‌ಗೆ ತುಂಬಾ ಮೊದಲೇ ಮುಗಿಸ್ತೀವಿ. ಜ್ವರ ಬಂದರೆ ಕ್ಲಿನಿಕ್‌ಗೆ ಕೇಳದೆ ಕೊಡಲ್ಲ.

ಇನ್ನೊಂದು ಮಾತು: ಇದರಿಂದ ಅಲರ್ಜಿ ಹೋಗಿಬಿಡಲ್ಲ. ಕೊನೆಗೆ ತಲುಪಬೇಕಾದ್ದು ದಿನಕ್ಕೆ 300 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನ್, ಹೆಚ್ಚುಕಡಿಮೆ ಒಂದು ಕಡಲೆಕಾಯಿ ಬೀಜದಷ್ಟು. ಅದನ್ನು ದಿನಾ ಕೊಡ್ತಾನೇ ಇರಬೇಕು. ಗೊತ್ತಿಲ್ಲದೆ ಚೂರು ಹೊಟ್ಟೆಗೆ ಹೋದರೆ ಅಪಾಯ ಕಡಿಮೆಯಾಗಲಿ ಅಂತಷ್ಟೇ. ಅಜ್ಜಿಯ ಚಿತ್ರಾನ್ನ ಇನ್ನೂ ಬೀಜ ಇಲ್ಲದೇನೇ, ಎಪಿಪೆನ್ (ಜೋರು ರಿಯಾಕ್ಷನ್ ಆದರೆ ತಕ್ಷಣ ಚುಚ್ಚೋ ಅಡ್ರಿನಲಿನ್ ಇಂಜೆಕ್ಷನ್) ಬ್ಯಾಗಲ್ಲೇ ಇರುತ್ತೆ.

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.